ಹಳೆಯ ಕಾರುಗಳ ಪುನರುಜ್ಜೀವನ: ಬಿಡಿಭಾಗಗಳ ಬಣ್ಣ ಹಾಗೂ ಮೆರುಗು – ಒಂದು ಅಧ್ಯಯನ

ಪೀಠಿಕೆ

ಹಳೆಯ ಮೋಟಾರು ಕಾರುಗಳನ್ನು ಅವುಗಳ ಮೂಲಸ್ಥಿತಿಗೆ ತರುವ ಕಾರ್ಯವು ಒಂದು ಕಾಲದಲ್ಲಿ ಅರಸುಮನೆತನಗಳ ಹಾಗೂ ಕೆಲವೇ ಶ್ರೀಮಂತರ ಹವ್ಯಾಸವಾಗಿತ್ತು. ಇಂದು ಅದು ಸಣ್ಣ ಕಾರ್ಯಾಗಾರಗಳಿಗೆ ಗೌರವಯುತವಾದ ಉದ್ಯೋಗಾವಕಾಶವಾಗಿದೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ ಹಾಗೂ ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಕಾರು ಸಂಗ್ರಹಾಲಯಗಳಲ್ಲಿರುವ ವಾಹನಗಳನ್ನು ಕಂಡವರಿಗೆ ಇಂತಹ ಕೆಲಸದ ಬೆಲೆ ಏನೆಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ. ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಆಧರಿಸಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಕಾರಿನ ಉತ್ಪಾದನೆ 2014ರಲ್ಲಿ ನಿಂತುಹೋಯಿತು. ಅಂದು ಸಾಮಾನ್ಯ ಬಾಡಿಗೆ ವಾಹನವೆನಿಸಿದ್ದ ಆ ಕಾರನ್ನೂ, ಮುಂಬಯಿಯ ಪ್ರೀಮಿಯರ್ ಪದ್ಮಿನಿಯನ್ನೂ, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರನ್ನೂ ಇಂದು ಜನ ಪ್ರೀತಿಯಿಂದ ಉಳಿಸಿಕೊಳ್ಳುತ್ತಿದ್ದಾರೆ.

ಆದರೆ ಈ ಕೆಲಸವನ್ನು ವಹಿಸಿಕೊಂಡ ಕಾರ್ಯಾಗಾರಗಳಲ್ಲಿ ಅನೇಕವು ಲಾಭ ಕಾಣದಿರುವುದಕ್ಕೆ ಕಾರಣವೊಂದಿದೆ. ಯಂತ್ರದ ದುರಸ್ತಿಯಲ್ಲಿ ಆದ ತಪ್ಪನ್ನು ಬಹುಮಟ್ಟಿಗೆ ಮತ್ತೆ ಬಿಚ್ಚಿ ಸರಿಪಡಿಸಬಹುದು. ಬಣ್ಣ ಮತ್ತು ಮೆರುಗಿನ ಕೆಲಸ ಹಾಗಲ್ಲ. ಉಜ್ಜಿ ತೆಗೆದ ಲೋಹ ಹಿಂದಿರುಗಿ ಬಾರದು. ಕೆಟ್ಟ ತಳಪಾಯದ ಮೇಲೆ ಹೊಡೆದ ಬಣ್ಣವನ್ನು ಪೂರ್ತಿ ಕಿತ್ತುಹಾಕದೆ ಬೇರೆ ದಾರಿಯಿಲ್ಲ. ಆದುದರಿಂದ ಬಿಡಿಭಾಗಗಳಿಗೆ ಬಣ್ಣ ಹಾಗೂ ಮೆರುಗು ಕೊಡುವ ಕ್ರಮವನ್ನೂ, ಆ ಕ್ರಮದ ಹಿಂದಿರುವ ಕಾರಣಗಳನ್ನೂ, ಅದರ ಆರ್ಥಿಕ ಲೆಕ್ಕಾಚಾರವನ್ನೂ ವಿವರಿಸುವುದು ಈ ಲೇಖನದ ಉದ್ದೇಶವಾಗಿದೆ.

1. ಕಾರಿನ ಬಣ್ಣದ ಚರಿತ್ರೆ

ಯಾವ ಕಾಲದ ಕಾರಿಗೆ ಯಾವ ಬಣ್ಣ ಸಲ್ಲುತ್ತದೆಂಬುದನ್ನು ತಿಳಿಯಲು ಸ್ವಲ್ಪ ಚರಿತ್ರೆ ಅಗತ್ಯ. ಮೋಟಾರು ಯುಗದ ಆರಂಭದಲ್ಲಿ ಕುದುರೆ ಸಾರೋಟುಗಳಿಗೆ ಬಳಸುತ್ತಿದ್ದ ಎಣ್ಣೆಬಣ್ಣ ಮತ್ತು ವಾರ್ನಿಶ್‌ಗಳನ್ನೇ ಕಾರುಗಳಿಗೂ ಕುಂಚದಿಂದ ಬಳಿಯಲಾಗುತ್ತಿತ್ತು. ಒಂದೊಂದು ಲೇಪನವೂ ಒಣಗಬೇಕಾದುದರಿಂದ ಒಂದು ಕಾರು ಹೊರಬೀಳಲು ವಾರಗಟ್ಟಲೆ ಹಿಡಿಯುತ್ತಿತ್ತು. ಫೋರ್ಡ್ ಸಂಸ್ಥೆಯ ‘ಮಾಡೆಲ್ ಟಿ’ ಕಾರು 1914ರಿಂದ 1925ರವರೆಗೆ ಕಪ್ಪು ಬಣ್ಣದಲ್ಲಿ ಮಾತ್ರ ದೊರೆಯುತ್ತಿತ್ತು.

ಡ್ಯುಪಾಂಟ್ ಸಂಸ್ಥೆಯು ‘ಡ್ಯೂಕೊ’ ಎಂಬ ಹೆಸರಿನಲ್ಲಿ ಹೊರತಂದ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಈ ಸ್ಥಿತಿಯನ್ನು ಬದಲಿಸಿತು. ಜನರಲ್ ಮೋಟಾರ್ಸ್ ಸಂಸ್ಥೆಯು ತನ್ನ ಓಕ್ಲೆಂಡ್ ಕಾರಿನ 1924ರ ಮಾದರಿಗೆ ಇದನ್ನು ಬಳಸಿತು. ವಾರಗಳ ಕೆಲಸ ಗಂಟೆಗಳಿಗಿಳಿಯಿತು. ನಾನಾ ವರ್ಣಗಳೂ ಸಾಧ್ಯವಾದವು. ಆ ಹೆಸರು ನಮ್ಮಲ್ಲಿ ಎಷ್ಟು ಬೇರೂರಿತೆಂದರೆ, ಇಂದಿಗೂ ಬಡಗಿಗಳೂ ಪೇಂಟರುಗಳೂ ಗನ್‌ನಿಂದ ಹೊಡೆಯುವ ಯಾವುದೇ ಹೊಳಪಿನ ಬಣ್ಣವನ್ನು ‘ಡ್ಯೂಕೊ’ ಎಂದೇ ಕರೆಯುತ್ತಾರೆ. ಅನಂತರ ಸಿಂಥೆಟಿಕ್ ಎನಾಮಲ್, ಅಕ್ರಿಲಿಕ್ ಲ್ಯಾಕರ್, ಕಡೆಗೆ ಗಟ್ಟಿಕಾರಕವನ್ನು ಬೆರೆಸಿ ಹೊಡೆಯುವ ಪಾಲಿಯುರೆಥೇನ್ ಬಣ್ಣಗಳು ಬಂದವು. ಈ ಕೊನೆಯದನ್ನು ಕಾರ್ಯಾಗಾರಗಳಲ್ಲಿ ‘ಟು-ಕೆ’ ಎನ್ನುತ್ತಾರೆ.

ಈ ವಿವರಗಳು ಕೆಲಸಗಾರನಿಗೆ ಪ್ರಯೋಜನಕಾರಿ. ಹಳೆಯ ಎನಾಮಲ್ ಮೇಲೆ ಲ್ಯಾಕರ್ ಹೊಡೆದರೆ ಲ್ಯಾಕರಿನ ತೀಕ್ಷ್ಣ ದ್ರಾವಕವು ಕೆಳಗಿನ ಪದರವನ್ನು ಮೆತ್ತಗೆ ಮಾಡಿ ಮೇಲೆಬ್ಬಿಸುತ್ತದೆ, ಮೇಲ್ಮೈ ಸುಕ್ಕುಗಟ್ಟುತ್ತದೆ. ಆದ್ದರಿಂದ ಕಾಣದ ಮೂಲೆಯೊಂದರಲ್ಲಿ ತಿನ್ನರ್ ಅದ್ದಿದ ಬಟ್ಟೆಯಿಂದ ಉಜ್ಜಿ ನೋಡುವುದು ಮೊದಲ ಪರೀಕ್ಷೆ. ಬಣ್ಣ ಸುಲಭವಾಗಿ ಕರಗಿ ಬಟ್ಟೆಗೆ ಹತ್ತಿದರೆ ಅದು ಲ್ಯಾಕರ್, ಸುಕ್ಕುಗಟ್ಟಿದರೆ ಎನಾಮಲ್, ಏನೂ ಆಗದಿದ್ದರೆ ಪೂರ್ಣ ಗಟ್ಟಿಯಾದ ಟು-ಕೆ ಬಣ್ಣವೆಂದು ತಿಳಿಯಬಹುದು.

2. ಬಿಚ್ಚುವಿಕೆ, ದಾಖಲೆ ಮತ್ತು ವಿಂಗಡಣೆ

ಒಳ್ಳೆಯ ಬಣ್ಣಗಾರಿಕೆಯು ಗನ್ ಹಿಡಿಯುವುದಕ್ಕಿಂತ ಬಹಳ ಮೊದಲೇ ಆರಂಭವಾಗುತ್ತದೆ. ಕಾರನ್ನು ಬಿಚ್ಚುವಾಗ ಪ್ರತಿಯೊಂದು ಭಾಗದ ಛಾಯಾಚಿತ್ರ ತೆಗೆದು, ಲೋಹದ ಚೀಟಿ ಕಟ್ಟಿ, ಪುಸ್ತಕದಲ್ಲಿ ನಮೂದಿಸಬೇಕು. ಕಾಗದದ ಚೀಟಿಗಳು ದ್ರಾವಕದಲ್ಲಿ ಅಳಿಸಿಹೋಗುತ್ತವೆ. ಆಸನಗಳ ಕೆಳಗೆ, ಡ್ಯಾಷ್‌ಬೋರ್ಡಿನ ಹಿಂದೆ, ಬಾಗಿಲಿನ ಹಲಗೆಗಳ ಮರೆಯಲ್ಲಿ ಬಿಸಿಲು ಕಾಣದ ಮೂಲಬಣ್ಣ ಉಳಿದಿರುತ್ತದೆ. ವರ್ಣ ಹೊಂದಿಸಲು ಅದೇ ಅತ್ಯಂತ ವಿಶ್ವಾಸಾರ್ಹ ಮಾದರಿ. ಹೊರಮೈಯ ಮಾಸಿದ ಬಣ್ಣವನ್ನು ನೋಡಿ ವರ್ಣ ನಿರ್ಧರಿಸುವುದು ಸರಿಯಲ್ಲ.

ಬಿಚ್ಚಿದ ಭಾಗಗಳನ್ನು ಅವುಗಳ ಸ್ಥಾನದ ಪ್ರಕಾರವಲ್ಲ, ಅವುಗಳಿಗೆ ಸಲ್ಲಬೇಕಾದ ಉಪಚಾರದ ಪ್ರಕಾರ ಐದು ಗುಂಪುಗಳಾಗಿ ವಿಂಗಡಿಸುವುದು ಅನುಕೂಲಕರ:

ಅ) ಬಣ್ಣ ಪಡೆಯಬೇಕಾದವು – ದೇಹದ ತಗಡು, ಚಾಸಿಸ್, ಚಕ್ರಗಳು, ಬ್ರಾಕೆಟ್‌ಗಳು.
ಆ) ಶಾಖ ತಡೆಯುವ ಬಣ್ಣ ಬೇಕಾದವು – ಎಂಜಿನ್ ಬ್ಲಾಕ್, ಹೊಗೆ ಕೊಳವೆಯ ಮ್ಯಾನಿಫೋಲ್ಡ್.
ಇ) ವಿದ್ಯುಲ್ಲೇಪನಕ್ಕೆ ಹೋಗಬೇಕಾದವು – ಬಂಪರ್, ಹಿಡಿಕೆ, ದೀಪದ ಸುತ್ತಿನ ಬಳೆ.
ಈ) ಕೇವಲ ಮೆರುಗು ಬೇಕಾದವು – ಸ್ಟೇನ್‌ಲೆಸ್ ಉಕ್ಕಿನ ಪಟ್ಟಿ, ಹಿತ್ತಾಳೆ ಭಾಗಗಳು.
ಉ) ಶುಚಿಗೊಳಿಸಿ ಹಾಗೆಯೇ ಬಿಡಬೇಕಾದವು.

ಈ ಐದನೆಯ ಗುಂಪನ್ನು ಬಹಳಷ್ಟು ಕಾರ್ಯಾಗಾರಗಳು ಮರೆಯುತ್ತವೆ. ಅದರ ವಿಚಾರ ಮುಂದೆ ಬರುತ್ತದೆ.

3. ಮೇಲ್ಮೈಯ ಸಿದ್ಧತೆ

ಬಣ್ಣ ಉದುರುವುದಕ್ಕೆ ಬಣ್ಣವೇ ಕಾರಣವಾಗುವುದು ಅಪರೂಪ. ಬಹುಪಾಲು ದೋಷ ಅದರ ಕೆಳಗಿನ ಮೇಲ್ಮೈಯದು. ಕ್ರಮದಲ್ಲಿ ಮೊದಲನೆಯದು ಜಿಡ್ಡು ತೆಗೆಯುವುದು, ಎರಡನೆಯದು ಉಜ್ಜುವುದು. ಇದನ್ನು ತಿರುವುಮುರುವು ಮಾಡಿದರೆ ಎಣ್ಣೆ, ಮೇಣ ಮತ್ತು ಸಿಲಿಕೋನ್‌ಗಳು ಉಜ್ಜುಕಾಗದದ ಒತ್ತಡದಿಂದ ಗೀರುಗಳೊಳಗೆ ಸೇರಿಕೊಳ್ಳುತ್ತವೆ. ಆಮೇಲೆ ಬಣ್ಣದಲ್ಲಿ ‘ಮೀನಿನ ಕಣ್ಣು’ ಎಂದು ಕರೆಯಲಾಗುವ ಸಣ್ಣ ಕುಳಿಗಳು ಏಳುತ್ತವೆ. ಲೋಹ ಶುಚಿಯಾಗಿದೆಯೇ ಎಂಬುದಕ್ಕೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಶುದ್ಧ ನೀರು ಸುರಿದಾಗ ಅದು ಒಡೆಯದ ಹಾಳೆಯಂತೆ ಹರಡಿ ನಿಂತರೆ ಲೋಹ ಶುಚಿ. ಕೆಸುವಿನ ಎಲೆಯ ಮೇಲಿನಂತೆ ಹನಿಯಾಗಿ ಒಟ್ಟುಗೂಡಿದರೆ ಜಿಡ್ಡು ಉಳಿದಿದೆಯೆಂದು ಅರ್ಥ.

ಹಳೆಯ ಬಣ್ಣವನ್ನು ತೆಗೆಯಲು ಮರಳು ಚಿಮ್ಮಿಸುವ ಪದ್ಧತಿ ಹಿಂದೆ ರೂಢಿಯಲ್ಲಿತ್ತು. ಇದರಲ್ಲಿ ಎರಡು ಅಪಾಯಗಳಿವೆ. ಮರಳಿನ ಸಿಲಿಕಾ ಧೂಳು ಶ್ವಾಸಕೋಶವನ್ನು ಗಟ್ಟಿಯಾಗಿಸುವ ಸಿಲಿಕೋಸಿಸ್ ಎಂಬ ವಾಸಿಯಾಗದ ರೋಗವನ್ನು ತರುತ್ತದೆ. ಇದಲ್ಲದೆ ಸುಮಾರು ಒಂದು ಮಿಲಿಮೀಟರ್ ದಪ್ಪದ ದೇಹದ ತಗಡು ಕಣಗಳ ಹೊಡೆತಕ್ಕೆ ಹಿಗ್ಗಿ ಅಲೆಯಲೆಯಾಗುತ್ತದೆ. ಚಾಸಿಸ್‌ನಂತಹ ದಪ್ಪ ಭಾಗಗಳಿಗೆ ಗಾರ್ನೆಟ್ ಕಣಗಳನ್ನೂ, ಅಗಲವಾದ ತೆಳು ತಗಡುಗಳಿಗೆ ರಾಸಾಯನಿಕ ವಿಧಾನ ಅಥವಾ ಕಡಿಮೆ ಒತ್ತಡದ ಪ್ಲಾಸ್ಟಿಕ್ ಕಣಗಳನ್ನೂ ಬಳಸುವುದು ಲೇಸು. ಎಂಜಿನ್ನಿನ ಒಳಭಾಗಗಳಿಗೆ ಗಾಜಿನ ಮಣಿಗಳನ್ನು ಎಂದೂ ಚಿಮ್ಮಿಸಕೂಡದು. ತೈಲದ ದಾರಿಯಲ್ಲಿ ಉಳಿದ ಕೆಲವೇ ಮಣಿಗಳು ಬೇರಿಂಗ್‌ಗಳನ್ನು ಹಾಳುಮಾಡಬಲ್ಲವು.

ಬೆತ್ತಲೆ ಉಕ್ಕು ನಮ್ಮ ಹವೆಯಲ್ಲಿ ಕೆಲವು ಗಂಟೆಗಳಲ್ಲೇ ತುಕ್ಕು ಹಿಡಿಯತೊಡಗುತ್ತದೆ. ಆದ್ದರಿಂದ ಒಂದು ದಿನದಲ್ಲಿ ಪ್ರೈಮರ್ ಹೊಡೆಯಲು ಸಾಧ್ಯವಾಗುವಷ್ಟೇ ಭಾಗಗಳನ್ನು ಆ ದಿನ ಬೆತ್ತಲೆಗೊಳಿಸಬೇಕು. ಪ್ರೈಮರ್ ಹೊಡೆಯುವ ಮುನ್ನ ಇಬ್ಬನಿ ಬಿಂದುವಿನ ಲೆಕ್ಕ ಹಾಕುವುದು ಅವಶ್ಯ. ಲೋಹದ ಉಷ್ಣತೆಯು ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಸೆಲ್ಸಿಯಸ್ ಹೆಚ್ಚಿರಬೇಕೆಂಬುದು ಲೇಪನ ಶಾಸ್ತ್ರದ ಸರ್ವಸಮ್ಮತ ನಿಯಮ. ಉದಾಹರಣೆಗೆ, ಉಷ್ಣತೆ 28 ಡಿಗ್ರಿ ಹಾಗೂ ಸಾಪೇಕ್ಷ ಆರ್ದ್ರತೆ ಶೇ. 80 ಇದ್ದಾಗ ಇಬ್ಬನಿ ಬಿಂದು ಸುಮಾರು 24 ಡಿಗ್ರಿ. ಅಂತರ 4 ಡಿಗ್ರಿ ಇರುವುದರಿಂದ ಕೆಲಸ ಮಾಡಬಹುದು. ಮಳೆಗಾಲದ ಮಂಗಳೂರಿನಲ್ಲಿ ಉಷ್ಣತೆ 27 ಡಿಗ್ರಿ, ಆರ್ದ್ರತೆ ಶೇ. 90 ಇದ್ದಲ್ಲಿ ಇಬ್ಬನಿ ಬಿಂದು ಸುಮಾರು 25 ಡಿಗ್ರಿಗೇರುತ್ತದೆ. ಆಗ ಅಂತರ 2 ಡಿಗ್ರಿಗೂ ಕಡಿಮೆ. ಕಣ್ಣಿಗೆ ಕಾಣದ ತೇವ ಲೋಹದ ಮೇಲೆ ಕೂಡುವ ಸಂಭವವಿರುತ್ತದೆ. ಅಂದು ಗನ್ನನ್ನು ಬದಿಗಿಟ್ಟು ಬಿಡಿಭಾಗಗಳ ವಿಂಗಡಣೆಗೋ ಮೆರುಗಿನ ಕೆಲಸಕ್ಕೋ ತೊಡಗುವುದು ವಿವೇಕ.

4. ಬಣ್ಣದ ಪದರಗಳು

ದೇಹದ ತಗಡುಗಳಿಗೆ ಸಾಮಾನ್ಯವಾಗಿ ಅನುಸರಿಸಬಹುದಾದ ಕ್ರಮ ಹೀಗಿದೆ:

(1) ಶುಚಿಯಾದ ಲೋಹದ ಮೇಲೆ ಎಪಾಕ್ಸಿ ಪ್ರೈಮರ್. ತುಕ್ಕು ತೆಗೆಯಲು ಫಾಸ್ಫಾರಿಕ್ ಆಮ್ಲ ಬಳಸಿದ್ದರೆ ಅದನ್ನು ಸಂಪೂರ್ಣವಾಗಿ ತೊಳೆದು ಒಣಗಿಸಿರಬೇಕು. ಉಳಿದ ಆಮ್ಲವು ಎಪಾಕ್ಸಿ ಗಟ್ಟಿಯಾಗುವುದನ್ನು ತಡೆಯುತ್ತದೆ.
(2) ತಗ್ಗುಗಳಿಗೆ ತೆಳುವಾದ ಪುಟ್ಟಿ. ಪಾಲಿಯೆಸ್ಟರ್ ಪುಟ್ಟಿಯು ನೀರನ್ನು ಹೀರುವುದರಿಂದ ಅದನ್ನು ಒಣಗಿಯೇ ಉಜ್ಜಬೇಕು, ನೀರು ಹಾಕಿ ಉಜ್ಜಬಾರದು. ಆ ನೀರೇ ಮುಂದೆ ಬಣ್ಣದಲ್ಲಿ ಗುಳ್ಳೆಯಾಗಿ ಹೊರಬೀಳುತ್ತದೆ.
(3) ದಪ್ಪ ಸರ್ಫೇಸರ್ ಹೊಡೆದು, ಅದರ ಮೇಲೆ ಕಪ್ಪು ಬಣ್ಣವನ್ನು ಧೂಳಿನಂತೆ ತೆಳ್ಳಗೆ ಸಿಂಪಡಿಸಿ, ಮರದ ಹಲಗೆಗೆ ಸುತ್ತಿದ 320 ಹಾಗೂ ಅನಂತರ 400 ಸಂಖ್ಯೆಯ ಕಾಗದದಿಂದ ಉಜ್ಜುವುದು. ಕಪ್ಪು ಉಳಿದಲ್ಲಿ ತಗ್ಗು, ಬೇಗನೆ ಮಾಯವಾದಲ್ಲಿ ಉಬ್ಬು. ಕಣ್ಣಿಗೆ ಕಾಣದ ದೋಷವನ್ನು ಇದು ತೋರಿಸಿಕೊಡುತ್ತದೆ. ಬರಿಗೈಯಿಂದ ಉಜ್ಜಿದರೆ ಬೆರಳುಗಳ ಗುರುತು ತಗಡಿನಲ್ಲಿ ಮೂಡುತ್ತದೆ.
(4) ಮೇಲ್ಬಣ್ಣ. ಗನ್ ಮೇಲ್ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಸದಾ ಲಂಬವಾಗಿ ಚಲಿಸಬೇಕು. ಪ್ರತಿ ಎಳೆತವೂ ಹಿಂದಿನದರ ಅರ್ಧವನ್ನು ಮುಚ್ಚಬೇಕು.

ಚಾಸಿಸ್ ಮತ್ತು ಬ್ರಾಕೆಟ್‌ಗಳಿಗೆ ಪೌಡರ್ ಲೇಪನ ಇಂದು ಜನಪ್ರಿಯವಾಗಿದೆ. ಸುಮಾರು 180ರಿಂದ 200 ಡಿಗ್ರಿಯಲ್ಲಿ ಬೇಯಿಸುವ ಈ ಲೇಪನ ಗಟ್ಟಿಯಾದುದು ನಿಜ. ಆದರೆ ರಬ್ಬರ್ ಬುಷ್, ಬೆಸುಗೆಯ ಸೀಸ, ಪುಟ್ಟಿ ಇರುವ ಭಾಗಗಳನ್ನು ಒಲೆಗೆ ಹಾಕಲಾಗದು. ಒಂದೆಡೆ ಚಕ್ಕೆಯೆದ್ದರೆ ತುಕ್ಕು ಲೇಪನದ ಅಡಿಯಲ್ಲೇ ಹರಡಿ ತಿಳಿಯದಂತೆ ಬೆಳೆಯುತ್ತದೆ. ಇದಲ್ಲದೆ ದಪ್ಪ ಪೌಡರ್ ಲೇಪನವು ಚಾಸಿಸ್‌ನಲ್ಲಿ ಕೊರೆದ ಸಂಖ್ಯೆಯನ್ನು ಮುಚ್ಚಿಬಿಡಬಹುದು. ಆ ಸಂಖ್ಯೆಯೇ ಕಾರಿನ ಗುರುತು. ಅದನ್ನು ಉಜ್ಜುವುದಾಗಲಿ ತುಂಬುವುದಾಗಲಿ ಮಾಡಿದಲ್ಲಿ ನೋಂದಣಿಯ ಸಮಯದಲ್ಲಿ ಮಾಲೀಕನೂ ಕಾರ್ಯಾಗಾರವೂ ಉತ್ತರ ಹೇಳಬೇಕಾಗುತ್ತದೆ.

5. ಬಣ್ಣದ ಪ್ರಮಾಣದ ಲೆಕ್ಕಾಚಾರ

ಅಂದಾಜುಪಟ್ಟಿ ತಯಾರಿಸುವಾಗ ಬಣ್ಣದ ಪ್ರಮಾಣವನ್ನು ರೂಢಿಯ ಮೇಲೆ ಊಹಿಸುವ ಬದಲು ಲೆಕ್ಕ ಹಾಕುವುದು ಮೇಲು. ಸೂತ್ರ ಸರಳವಾಗಿದೆ: ಬಣ್ಣದಲ್ಲಿರುವ ಘನಾಂಶದ ಶೇಕಡಾ ಗಾತ್ರವನ್ನು 10ರಿಂದ ಗುಣಿಸಿ, ಬೇಕಾದ ಒಣಪದರದ ದಪ್ಪದಿಂದ ಭಾಗಿಸಬೇಕು. ದಪ್ಪವನ್ನು ಮೈಕ್ರಾನ್‌ಗಳಲ್ಲಿ, ಎಂದರೆ ಮಿಲಿಮೀಟರಿನ ಸಾವಿರದ ಒಂದನೆಯ ಭಾಗದಲ್ಲಿ ಹೇಳುತ್ತಾರೆ. ಬಂದ ಉತ್ತರವು ಒಂದು ಲೀಟರ್ ಎಷ್ಟು ಚದರ ಮೀಟರಿಗೆ ಸಾಕೆಂಬುದನ್ನು ತಿಳಿಸುತ್ತದೆ.

ಉದಾಹರಣೆ: ಘನಾಂಶ ಶೇ. 40, ಬೇಕಾದ ದಪ್ಪ 50 ಮೈಕ್ರಾನ್ ಎಂದಿಟ್ಟುಕೊಂಡರೆ, 40 × 10 ÷ 50 = 8 ಚದರ ಮೀಟರ್. ಇದು ಒಂದು ಹನಿಯೂ ವ್ಯರ್ಥವಾಗದಿದ್ದಾಗಿನ ಲೆಕ್ಕ. ಹಳೆಯ ರೀತಿಯ ಅಧಿಕ ಒತ್ತಡದ ಗನ್‌ನಲ್ಲಿ ಸುಮಾರು ಶೇ. 30ರಷ್ಟು ಬಣ್ಣ ಮಾತ್ರ ಭಾಗದ ಮೇಲೆ ಕೂಡುತ್ತದೆ, ಉಳಿದುದು ಗಾಳಿಯ ಪಾಲು. ಅಧಿಕ ಗಾಳಿ–ಅಲ್ಪ ಒತ್ತಡದ ಗನ್‌ನಲ್ಲಿ ಈ ಪ್ರಮಾಣ ಸುಮಾರು ಶೇ. 65ಕ್ಕೇರುತ್ತದೆ. ಹೀಗಾಗಿ ಒಂದು ಲೀಟರ್ ಮೊದಲನೆಯದರಲ್ಲಿ 2.4 ಚದರ ಮೀಟರಿಗೂ, ಎರಡನೆಯದರಲ್ಲಿ 5.2 ಚದರ ಮೀಟರಿಗೂ ಸಾಕಾಗುತ್ತದೆ. ಒಟ್ಟು 12 ಚದರ ಮೀಟರ್ ಮೇಲ್ಮೈಗೆ ಇಂತಹ ಎರಡು ಪದರಗಳು ಬೇಕಾದಲ್ಲಿ ಮೊದಲನೆಯ ಗನ್ನಿಗೆ 10 ಲೀಟರ್, ಎರಡನೆಯದಕ್ಕೆ ಸುಮಾರು 4.6 ಲೀಟರ್ ಬಣ್ಣ ಬೇಕು. ಉಪಕರಣದ ಬೆಲೆ ಹೆಚ್ಚೆಂದು ಹಿಂಜರಿಯುವ ಉದ್ಯಮಿಗಳು ಈ 5.4 ಲೀಟರಿನ ವ್ಯತ್ಯಾಸವನ್ನು ತಮ್ಮ ಬಣ್ಣದ ದರದಿಂದ ಗುಣಿಸಿ ನೋಡುವುದು ಸೂಕ್ತ. ಕಾರ್ಯಾಗಾರದ ಗಾಳಿಗೆ ಸೇರುವ ಬಣ್ಣ ಕಡಿಮೆಯಾಗುವುದು ಇದರ ಇನ್ನೊಂದು ಲಾಭ.

6. ಬಣ್ಣ ತಾಗಬಾರದ ಸ್ಥಳಗಳು

ಎಲ್ಲವನ್ನೂ ಬಣ್ಣದಿಂದ ಮುಚ್ಚುವ ಉತ್ಸಾಹ ಅಪಾಯಕಾರಿಯಾದುದು. ಚಕ್ರದ ನಟ್ಟು ಕೂರುವ ಇಳಿಜಾರು ರಂಧ್ರ ಹಾಗೂ ಚಕ್ರವು ಹಬ್‌ಗೆ ತಾಗುವ ಮುಖಗಳಲ್ಲಿ ದಪ್ಪ ಬಣ್ಣವಿದ್ದರೆ, ಕಾರು ಓಡಿದಂತೆ ಆ ಬಣ್ಣ ಜಜ್ಜಿ ಸವೆದು ನಟ್ಟುಗಳು ಸಡಿಲಗೊಳ್ಳುತ್ತವೆ. ನೋಡಲು ಹೊಸದರಂತಿರುವ ಕಾರಿನ ಚಕ್ರ ಕಳಚುವುದಕ್ಕೆ ಇಷ್ಟೇ ಸಾಕು. ಎಂಜಿನ್ನಿನ ಗ್ಯಾಸ್ಕೆಟ್ ಮುಖಗಳು, ಬೋಲ್ಟಿನ ಮರೆಗಳು, ವಿದ್ಯುತ್ತಿನ ಭೂಸಂಪರ್ಕದ ಬಿಂದುಗಳು ಬಣ್ಣವಿಲ್ಲದೆ ಇರಬೇಕು. ರೇಡಿಯೇಟರಿಗೆ ಅತ್ಯಂತ ತೆಳುವಾದ ಕಪ್ಪು ಬಣ್ಣ ಸಾಕು; ದಪ್ಪ ಪದರವು ಶಾಖ ಹೊರಹೋಗುವುದನ್ನು ತಡೆಯುತ್ತದೆ. ಗ್ಲೈಕಾಲ್ ಬ್ರೇಕ್ ದ್ರವವು ಸಾಮಾನ್ಯ ಬಣ್ಣವನ್ನು ಕರಗಿಸುವುದರಿಂದ ದ್ರವ ತುಂಬುವ ಕೆಲಸವನ್ನು ಹೊಸ ಬಣ್ಣವನ್ನು ಚೆನ್ನಾಗಿ ಮುಚ್ಚಿದ ಮೇಲೆಯೇ ಮಾಡಬೇಕು.

7. ಕ್ರೋಮಿಯಂ ಲೇಪನ

ಬಂಪರಿನ ಹೊಳಪು ಕ್ರೋಮಿಯಂನದೆಂಬುದು ಸಾಮಾನ್ಯ ಭಾವನೆ. ವಾಸ್ತವವಾಗಿ ಅಲಂಕಾರದ ಕ್ರೋಮಿಯಂ ಪದರ ಅರ್ಧ ಮೈಕ್ರಾನ್‌ನಷ್ಟೇ ದಪ್ಪವಿರುತ್ತದೆ, ಕೆಲವೊಮ್ಮೆ ಅದಕ್ಕಿಂತಲೂ ತೆಳು. ಅದರ ಕೆಳಗೆ 20ರಿಂದ 30 ಮೈಕ್ರಾನ್ ನಿಕ್ಕಲ್, ಅದರ ಕೆಳಗೆ ತಾಮ್ರ ಇರಬೇಕು. ತುಕ್ಕಿನಿಂದ ರಕ್ಷಣೆ ಕೊಡುವುದು ನಿಕ್ಕಲ್. ಕ್ರೋಮಿಯಂ ಅದು ಮಾಸದಂತೆ ಕಾಯ್ದು ನೀಲಿಛಾಯೆಯ ಹೊಳಪನ್ನು ನೀಡುತ್ತದೆ. ಇಷ್ಟು ತೆಳುವಾದ ಪದರವು ಯಾವ ಗೀರನ್ನೂ ಮುಚ್ಚಲಾರದು, ಬದಲಾಗಿ ಎತ್ತಿ ತೋರಿಸುತ್ತದೆ. ಆದ್ದರಿಂದ ಕ್ರೋಮಿಯಂ ಕೆಲಸದ ಬೆಲೆಯಲ್ಲಿ ದೊಡ್ಡ ಪಾಲು ತೊಟ್ಟಿಯ ಖರ್ಚಲ್ಲ, ಅದಕ್ಕೆ ಮುಂಚಿನ ಉಜ್ಜುವಿಕೆಯ ಕೂಲಿ.

ಕ್ರಮ ಹೀಗಿದೆ: ಹಳೆಯ ಲೇಪನವನ್ನು ವಿದ್ಯುತ್ತಿನಿಂದ ಕಳಚುವುದು, ತಗ್ಗುಗಳನ್ನು ಸುತ್ತಿಗೆಯಿಂದ ತಿದ್ದುವುದು, ತುಕ್ಕಿನ ಕುಳಿಗಳಿದ್ದಲ್ಲಿ ತಾಮ್ರವನ್ನು ದಪ್ಪವಾಗಿ ಲೇಪಿಸಿ, ಉಜ್ಜಿ, ಮತ್ತೆ ಲೇಪಿಸುವುದು, ಕನ್ನಡಿಯಂತಾದ ಮೇಲೆ ನಿಕ್ಕಲ್, ಕಡೆಗೆ ಕ್ರೋಮಿಯಂ. ಈ ನಡುವಿನ ತಾಮ್ರದ ಹಂತವನ್ನು ಬಿಟ್ಟು ನೇರವಾಗಿ ತೆಳು ನಿಕ್ಕಲ್ ಮೇಲೆ ಕ್ರೋಮಿಯಂ ಹಾಕುವ ಅಗ್ಗದ ಕೆಲಸ ಒಂದೆರಡು ಮಳೆಗಾಲಗಳಲ್ಲೇ ತುಕ್ಕಿನ ಚುಕ್ಕೆಗಳನ್ನು ತೋರುತ್ತದೆ. ಬಾಗಿಲಿನ ಹಿಡಿಕೆ, ಲಾಂಛನ ಮೊದಲಾದವು ಹೆಚ್ಚಾಗಿ ಸತುವಿನ ಎರಕದವು. ಆಮ್ಲದ ತೊಟ್ಟಿಯಲ್ಲಿ ಸತುವೇ ಕರಗುವುದರಿಂದ ಇವುಗಳಿಗೆ ಬೇರೆ ವಿಧಾನ ಬೇಕು. ಲೇಪಕನಿಗೆ ಒಪ್ಪಿಸುವಾಗ ‘ಸತುವಿನ ಎರಕ’ ಎಂದು ಚೀಟಿಯಲ್ಲಿ ಬರೆಯದಿದ್ದಲ್ಲಿ, ಮತ್ತೆ ದೊರೆಯದ ಲಾಂಛನವೊಂದು ಅಲ್ಲಿಯೇ ನಾಶವಾಗಬಹುದು.

ಇನ್ನೂ ಗಂಭೀರವಾದ ವಿಷಯವೆಂದರೆ ಹೈಡ್ರೋಜನ್ ಭಿದುರತೆ. ಗಟ್ಟಿ ಉಕ್ಕನ್ನು ಆಮ್ಲದಲ್ಲಿ ಅದ್ದಿದಾಗಲೂ ವಿದ್ಯುಲ್ಲೇಪನ ಮಾಡಿದಾಗಲೂ ಹೈಡ್ರೋಜನ್ ಲೋಹದೊಳಗೆ ಸೇರುತ್ತದೆ. ಅಂತಹ ಭಾಗ ಹೊರನೋಟಕ್ಕೆ ಸುಂದರವಾಗಿದ್ದು, ಭಾರ ಬಿದ್ದ ಕೆಲವು ಗಂಟೆ ಅಥವಾ ದಿನಗಳ ಅನಂತರ ಯಾವ ಸೂಚನೆಯನ್ನೂ ಕೊಡದೆ ತುಂಡಾಗಬಹುದು. ಇದನ್ನು ತಪ್ಪಿಸಲು ಲೇಪನವಾದ ಕೆಲವೇ ಗಂಟೆಗಳೊಳಗೆ ಭಾಗವನ್ನು ಸುಮಾರು 190ರಿಂದ 220 ಡಿಗ್ರಿಯಲ್ಲಿ ಗಂಟೆಗಟ್ಟಲೆ ಕಾಯಿಸುವ ಪದ್ಧತಿಯಿದೆ. ಅದನ್ನು ಪ್ರಮಾಣೀಕರಿಸುವ ವ್ಯವಸ್ಥೆಯಿಲ್ಲದ ಕಡೆ ಸ್ಟಿಯರಿಂಗ್ ತೋಳು, ಸ್ಪ್ರಿಂಗ್, ತೂಗುವ್ಯವಸ್ಥೆಯ ಬೋಲ್ಟು ಇವುಗಳನ್ನು ಕ್ರೋಮಿಯಂಗೆ ಕಳುಹಿಸಲೇಬಾರದು. ಗಿರಾಕಿ ಒತ್ತಾಯಿಸಿದರೂ ನಿರಾಕರಿಸುವುದು ಕಾರ್ಯಾಗಾರದ ಕರ್ತವ್ಯ. ಇಲ್ಲಿ ಪಣಕ್ಕಿರುವುದು ಹೊಳಪಲ್ಲ, ಕಾರಿನೊಳಗೆ ಕುಳಿತವರ ಜೀವ.

8. ಲೋಹಗಳ ಮೆರುಗು

ಮೆರುಗೆಂದರೆ ದೊಡ್ಡ ಗೀರುಗಳ ಬದಲು ಸಣ್ಣ ಗೀರುಗಳನ್ನು, ಅವುಗಳ ಬದಲು ಇನ್ನೂ ಸಣ್ಣವನ್ನು ಮೂಡಿಸುತ್ತ ಹೋಗುವ ಕ್ರಿಯೆ. ಸ್ಟೇನ್‌ಲೆಸ್ ಪಟ್ಟಿಯ ತಗ್ಗನ್ನು ಒಳಗಿನಿಂದ ಮೆಲ್ಲನೆ ತಟ್ಟಿ ಎತ್ತಿ, 320, 400, 600, 800 ಸಂಖ್ಯೆಯ ಕಾಗದಗಳಿಂದ ಕ್ರಮವಾಗಿ ಉಜ್ಜಿ, ಕತ್ತಾಳೆ ನಾರಿನ ಚಕ್ರದಲ್ಲೂ ಅನಂತರ ಹತ್ತಿ ಬಟ್ಟೆಯ ಚಕ್ರದಲ್ಲೂ ಮೆರುಗು ಕೊಡಬೇಕು. ಪ್ರತಿ ಹಂತದಲ್ಲೂ ಹಿಂದಿನ ದಿಕ್ಕಿಗೆ ಅಡ್ಡಲಾಗಿ ಉಜ್ಜಿದರೆ ಹಳೆಯ ಗೀರು ಪೂರ್ತಿ ಹೋಗಿದೆಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಒಂದು ಹಂತವನ್ನು ಹಾರಿದವನು ಕಡೆಯ ಹಂತದಲ್ಲಿ ಆ ಗೀರನ್ನು ಕಂಡು ಮತ್ತೆ ಮೊದಲಿಗೆ ಹೋಗಬೇಕಾಗುತ್ತದೆ.

ಚಕ್ರದ ಮೇಲೆ ಕೆಲಸ ಮಾಡುವಾಗ ಭಾಗವನ್ನು ಚಕ್ರದ ಮಧ್ಯರೇಖೆಗಿಂತ ಕೆಳಗೆ ಹಿಡಿಯಬೇಕು. ಚಕ್ರದ ಸುತ್ತು ಭಾಗದ ಅಂಚಿನಿಂದ ಆಚೆಗೆ ಹೊರಳುವಂತಿರಬೇಕೇ ಹೊರತು ಅಂಚಿಗೆ ಎದುರಾಗಿ ಬರಕೂಡದು. ಎದುರಾದ ಅಂಚನ್ನು ಚಕ್ರ ಸೆಳೆದು ಎಸೆಯುತ್ತದೆ. ಸಡಿಲ ಬಟ್ಟೆ, ಬಟ್ಟೆಯ ಕೈಚೀಲಗಳು ವರ್ಜ್ಯ. ಅಲ್ಯೂಮಿನಿಯಂ ಮತ್ತು ಉಕ್ಕಿಗೆ ಪ್ರತ್ಯೇಕ ಚಕ್ರಗಳಿರಬೇಕು. ಅಲ್ಯೂಮಿನಿಯಂ ಧೂಳು ಸ್ಫೋಟಕಾರಿ. ಅದು ತುಕ್ಕಿನ ಧೂಳಿನೊಂದಿಗೆ ಬೆರೆತಲ್ಲಿ ಒಂದು ಕಿಡಿ ಅತ್ಯುಗ್ರ ಬೆಂಕಿಗೆ ಕಾರಣವಾಗಬಹುದು.

ಬಣ್ಣದ ಮೇಲ್ಮೈಯ ಮೆರುಗಿನಲ್ಲೂ ಇದೇ ತತ್ತ್ವ. ಪಾರದರ್ಶಕ ಮೇಲ್ಪದರವು ಸುಮಾರು 50 ಮೈಕ್ರಾನ್ ದಪ್ಪವಿರುತ್ತದೆ. 1500, 2000, 3000 ಸಂಖ್ಯೆಯ ಕಾಗದಗಳಿಂದ ಉಜ್ಜಿ ಕಾಂಪೌಂಡ್ ಹಾಕುವಾಗ ಅದರಲ್ಲಿ ಒಂದಂಶ ಹೋಗುತ್ತದೆ. ಅಂಚುಗಳಲ್ಲಿ ಬಣ್ಣ ಸಹಜವಾಗಿಯೇ ತೆಳುವಾಗಿರುವುದರಿಂದ ಅಲ್ಲಿ ಟೇಪು ಅಂಟಿಸಿ ರಕ್ಷಿಸಬೇಕು. ಪದರದ ದಪ್ಪವನ್ನು ಅಳೆಯುವ ಸಣ್ಣ ಮಾಪಕವೊಂದು ಪ್ರತಿ ಕಾರ್ಯಾಗಾರದಲ್ಲಿರುವುದು ಅಗತ್ಯ.

9. ಮೆರುಗು ಬೇಡದ ಭಾಗಗಳು

ಐದನೆಯ ಗುಂಪಿನ ವಿಚಾರ ಇಲ್ಲಿ ಬರುತ್ತದೆ. ಅನೇಕ ಬ್ರಿಟಿಷ್ ಕಾರುಗಳಲ್ಲಿದ್ದ ಎಸ್‌ಯು ಕಾರ್ಬ್ಯುರೇಟರಿನ ಮೇಲ್ಗುಡಿಯನ್ನೂ ಅದರೊಳಗಿನ ಪಿಸ್ಟನ್ನನ್ನೂ ಒಂದಕ್ಕೊಂದು ಹೊಂದಿಸಿ ತಯಾರಿಸಲಾಗುತ್ತಿತ್ತು. ಒಳಮೈಯನ್ನು ಉಜ್ಜುಕಾಗದದಿಂದ ಹೊಳೆಯಿಸಿದರೆ ಆ ಹೊಂದಿಕೆ ಕೆಟ್ಟು ಎಂಜಿನ್ ಸರಿಯಾಗಿ ಓಡದು. ಕಾರ್ಖಾನೆಯಿಂದ ಒರಟು ಎರಕದ ಮೈಯೊಂದಿಗೇ ಬಂದ ಅಲ್ಯೂಮಿನಿಯಂ ಭಾಗಗಳನ್ನು ಕನ್ನಡಿಯಂತೆ ಹೊಳೆಯಿಸುವುದು ಕಾರಿನ ಚರಿತ್ರೆಯನ್ನು ಅಳಿಸಿದಂತೆ.

ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು ಈ ದೃಷ್ಟಿಯನ್ನೇ ಎತ್ತಿಹಿಡಿಯುತ್ತದೆ. ಇರುವುದನ್ನು ಕಾಪಾಡುವುದಕ್ಕೆ ಮೊದಲ ಸ್ಥಾನ. ಹೊಸದಾಗಿಸುವ ಕೆಲಸ ಅಗತ್ಯವಿದ್ದಷ್ಟು ಮಾತ್ರ. ಮಾಡಿದ ಕೆಲಸಕ್ಕೆಲ್ಲ ದಾಖಲೆ – ಇದು ಅದರ ಸಾರಾಂಶ. ಮೂಲಬಣ್ಣ ಬಹುಭಾಗ ಉಳಿದಿರುವ ಕಾರು ಸಿಕ್ಕಿದಾಗ ಅದನ್ನು ಕಿತ್ತುಹಾಕುವ ಮುನ್ನ ಮಾಲೀಕನಿಗೆ ಈ ಆಯ್ಕೆಯನ್ನು ವಿವರಿಸುವುದು ನ್ಯಾಯ. ಕಾರ್ಯಾಗಾರಕ್ಕೆ ಅಂದು ದೊರೆಯುವ ಸಂಭಾವನೆ ಕಡಿಮೆಯಾಗಬಹುದು. ಆದರೆ ಒಮ್ಮೆ ಕಿತ್ತ ಮೂಲಬಣ್ಣವನ್ನು ಯಾವ ಹಣದಿಂದಲೂ ಮರಳಿ ತರಲಾಗದು.

10. ಕೆಲಸಗಾರರ ಆರೋಗ್ಯ

ಟು-ಕೆ ಬಣ್ಣಗಳ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಎಂಬ ರಾಸಾಯನಿಕವಿದೆ. ಅದರ ಇರವು ಅಪಾಯದ ಮಟ್ಟ ತಲುಪಿದರೂ ವಾಸನೆಯಿಂದ ತಿಳಿಯುವುದಿಲ್ಲ. ಒಮ್ಮೆ ಅದರಿಂದ ಆಸ್ತಮಾ ತಗುಲಿದವನಿಗೆ ಮುಂದೆ ಅದರ ಲವಲೇಶವೂ ಉಸಿರು ಕಟ್ಟಿಸಬಲ್ಲದು. ಅವನ ಪೇಂಟಿಂಗ್ ವೃತ್ತಿಯೇ ಮುಗಿದಂತೆ. ಮೂಗಿಗೆ ಕಟ್ಟುವ ಕರವಸ್ತ್ರ ಇದಕ್ಕೆ ರಕ್ಷಣೆಯಲ್ಲ. ಸಾಮಾನ್ಯ ಇದ್ದಿಲಿನ ಮುಖವಾಡವನ್ನೂ ನೆಚ್ಚುವಂತಿಲ್ಲ. ಹೊರಗಿನಿಂದ ಶುದ್ಧ ಗಾಳಿ ಪೂರೈಸುವ ಮುಖವಾಡವೇ ಸರಿಯಾದ ಸಾಧನ. ಇದನ್ನು ಒದಗಿಸಲಾಗದ ಕಾರ್ಯಾಗಾರವು ಅಂತಹ ಬಣ್ಣವನ್ನು ಹೊಡೆಯುವ ಕೆಲಸವನ್ನು ಸುಸಜ್ಜಿತ ಘಟಕಕ್ಕೆ ವಹಿಸುವುದು ಒಳಿತು.

ಹಳೆಯ ಬಣ್ಣಗಳಲ್ಲಿ ಸೀಸದ ವರ್ಣದ್ರವ್ಯಗಳಿರುವುದು ಸಾಮಾನ್ಯ. ಅವುಗಳನ್ನು ಒಣಗಿ ಉಜ್ಜುವುದಕ್ಕಿಂತ ನೀರು ಹಾಕಿ ಉಜ್ಜುವುದು ಮೇಲು. ಹಳೆಯ ಬ್ರೇಕ್ ಡ್ರಮ್ಮಿನ ಧೂಳಿನಲ್ಲಿ ಕಲ್ನಾರು ಇರಬಹುದಾದ್ದರಿಂದ ಅದನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕ್ರೋಮಿಯಂ ತೊಟ್ಟಿಗಳಲ್ಲಿ ಬಳಸುವ ಷಡ್ವೇಲೆನ್ಸಿಯ ಕ್ರೋಮಿಯಂ ಕ್ಯಾನ್ಸರ್‌ಕಾರಕ. ಆದ್ದರಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಹಾಗೂ ತ್ಯಾಜ್ಯಜಲ ಸಂಸ್ಕರಣೆ ಇರುವ ಘಟಕಕ್ಕೇ ಲೇಪನದ ಕೆಲಸ ಕೊಡುವುದು ಕಾನೂನಿನ ದೃಷ್ಟಿಯಿಂದಲೂ ಸಾಮಾಜಿಕ ಹೊಣೆಯ ದೃಷ್ಟಿಯಿಂದಲೂ ಯೋಗ್ಯ.

11. ಒಪ್ಪಂದ, ಅಂದಾಜು ಮತ್ತು ಕಾನೂನು

ಕೇಂದ್ರ ಸರ್ಕಾರವು 2021ರಲ್ಲಿ ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ ದ್ವಿಚಕ್ರ ಹಾಗೂ ಚತುಶ್ಚಕ್ರ ವಾಹನಗಳನ್ನು ‘ವಿಂಟೇಜ್’ ವಾಹನಗಳೆಂದು ನೋಂದಾಯಿಸಲು ಅವಕಾಶವಿದೆ. ಆ ಅಧಿಸೂಚನೆಯಲ್ಲಿ ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷಗಳ ಅನಂತರದ ಮರುನೋಂದಣಿಗೆ 5,000 ರೂಪಾಯಿ ಶುಲ್ಕ ನಿಗದಿಯಾಯಿತು. ಮುಖ್ಯವಾದ ಷರತ್ತೆಂದರೆ ಚಾಸಿಸ್, ದೇಹ ಅಥವಾ ಎಂಜಿನ್‌ನಲ್ಲಿ ಗಣನೀಯ ಮಾರ್ಪಾಡು ಆಗಿರಬಾರದು. ಆದುದರಿಂದ ತುಕ್ಕು ತಿಂದ ಭಾಗವನ್ನು ಬದಲಿಸುವಾಗ ಹಳೆಯದರ ಚಿತ್ರ, ಹೊಸದರ ಅಳತೆ, ಸಂಖ್ಯಾಫಲಕದ ಸ್ಥಿತಿ ಇವೆಲ್ಲ ದಾಖಲೆಯಲ್ಲಿದ್ದರೆ ಮಾಲೀಕನಿಗೆ ನೆರವಾಗುತ್ತದೆ.

ಅಂದಾಜುಪಟ್ಟಿಯಲ್ಲಿ ಕೆಳಗಿನ ಅಂಶಗಳು ಇರುವುದು ಸೂಕ್ತ:

(1) ಪ್ರತಿ ಭಾಗದ ಹೆಸರು, ಲೋಹ, ಈಗಿನ ಸ್ಥಿತಿ, ಮಾಡಬೇಕಾದ ಉಪಚಾರ.
(2) ಬಣ್ಣದ ಜಾತಿ, ಪದರಗಳ ಸಂಖ್ಯೆ, ಒಣಪದರದ ದಪ್ಪ.
(3) ಲೇಪನದಲ್ಲಿ ನಿಕ್ಕಲ್‌ನ ಕನಿಷ್ಠ ದಪ್ಪ.
(4) ಬಣ್ಣ ಕಿತ್ತ ಮೇಲಷ್ಟೇ ಕಾಣುವ ತುಕ್ಕಿಗೆ ಪ್ರತ್ಯೇಕ ದರ. ಒಳಗಿನ ತುಕ್ಕನ್ನು ಮೊದಲೇ ಊಹಿಸಿ ಇಡಿಯ ಕೆಲಸಕ್ಕೆ ಒಂದೇ ಮೊತ್ತ ಒಪ್ಪಿಕೊಂಡಲ್ಲಿ, ಒಂದೋ ಕಾರ್ಯಾಗಾರ ನಷ್ಟಕ್ಕೊಳಗಾಗುತ್ತದೆ, ಇಲ್ಲವೇ ತುಕ್ಕಿನ ಮೇಲೆ ಪುಟ್ಟಿ ಬಳಿದು ಮುಚ್ಚುವ ಪ್ರಲೋಭನೆಗೆ ಒಳಗಾಗುತ್ತದೆ.
(5) ಮಾದರಿ ಹಲಗೆ. ಆರಿಸಿದ ವರ್ಣವನ್ನು ಒಂದು ತಗಡಿಗೆ ಪೂರ್ಣ ಕ್ರಮದಲ್ಲಿ ಹೊಡೆದು, ಹಗಲು ಬೆಳಕಿನಲ್ಲಿ ಮಾಲೀಕನಿಗೆ ತೋರಿಸಿ, ಹಿಂಬದಿಯಲ್ಲಿ ಸಹಿ ಪಡೆಯುವುದು. ವರ್ಣದ ಬಗೆಗಿನ ವಿವಾದಗಳು ಬಹುಪಾಲು ಇದರಿಂದಲೇ ನಿವಾರಣೆಯಾಗುತ್ತವೆ.

ಉಪಸಂಹಾರ

ಬೆಂಗಳೂರಿನ ಪೀಣ್ಯದ ಲೇಪನ ಘಟಕಗಳು, ಜೆ.ಸಿ. ರಸ್ತೆಯ ಬಿಡಿಭಾಗಗಳ ಅಂಗಡಿಗಳು, ಜಿಲ್ಲಾ ಕೇಂದ್ರಗಳಲ್ಲಿರುವ ಅನುಭವಿ ತಗಡು ಕೆಲಸಗಾರರು – ಇವರೆಲ್ಲರ ಕೌಶಲವನ್ನು ಒಂದುಗೂಡಿಸಿದಲ್ಲಿ ಹಳೆಯ ಕಾರುಗಳ ಪುನರುಜ್ಜೀವನವು ನಮ್ಮ ರಾಜ್ಯದ ಸಣ್ಣ ಉದ್ದಿಮೆಗೆ ಸ್ಥಿರವಾದ ಕೆಲಸವನ್ನು ಒದಗಿಸಬಲ್ಲದು. ಈ ಕೆಲಸದ ಕೈಚಳಕ ಬಲ್ಲ ಹಿರಿಯರು ವಿರಳವಾಗುತ್ತಿದ್ದಾರೆ. ಅವರ ಕೈಕೆಳಗೆ ಕಿರಿಯರನ್ನು ಇಟ್ಟು ಕಲಿಸುವ ಏರ್ಪಾಡನ್ನು ಕಾರ್ಯಾಗಾರಗಳೇ ಮಾಡಿಕೊಳ್ಳಬೇಕಾಗಿದೆ.

ಕಲಿಸಬೇಕಾದ ಮೊದಲ ಪಾಠ ಗನ್ ಹಿಡಿಯುವ ವಿಧಾನವಲ್ಲ. ಭಾಗವನ್ನು ಕೈಯಲ್ಲಿ ಹಿಡಿದು, ಇದು ಯಾವ ಲೋಹ, ಇದರ ಮೇಲೆ ಯಾವ ಭಾರ ಬೀಳುತ್ತದೆ, ಕಾರ್ಖಾನೆಯಿಂದ ಇದು ಹೇಗೆ ಬಂದಿತ್ತು, ಇದಕ್ಕೆ ನಿಜವಾಗಿಯೂ ಏನು ಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವ ಅಭ್ಯಾಸವೇ ಆ ಪಾಠ. ಉತ್ತರ ದೊರೆತ ಮೇಲೆ ಉಜ್ಜುಕಾಗದವನ್ನು ಕೈಗೆತ್ತಿಕೊಂಡಲ್ಲಿ ಮಾಲೀಕನ ಹಣವೂ, ಕೆಲಸಗಾರನ ಆರೋಗ್ಯವೂ, ಕಾರ್ಯಾಗಾರದ ಹೆಸರೂ ಉಳಿಯುತ್ತವೆ.